ಆಫೀಸಿನ ಮೇಲ್‌ಬಾಕ್ಸ್ ಮತ್ತು ಅಪ್ಪಾಜಿಯ ಹೆಸರು

ಹೊಸದುರ್ಗ, ಸೋಮವಾರ

ನನ್ನ ಪ್ರೀತಿಯ ಅಪ್ಪಾಜಿ,

ಕೆಲಸ ಉಳಿಯಿತು! ಮದುವೆಯ ಖುಷಿಯಲ್ಲಿ ಆಫೀಸಿನ ಲಾಗಿನ್‌ನಲ್ಲೂ ಅಂಜಲಿ ಕೆಂಚಣ್ಣ ಹೋಗಿ ಅಂಜಲಿ ಪರಮೇಶ್ ಆದೆನಲ್ಲ, ಅಂದಿನಿಂದ ಕೊಬ್ಬರಿ ಆರ್ಡರ್‌ಗಳು ಬರುವ, ನಾವೆಲ್ಲ ಸೇರಿ ನೋಡುವ ಮೇಲ್‌ಬಾಕ್ಸ್ ನನಗೆ ಮಾತ್ರ ಪಾಸ್‌ವರ್ಡ್ ಕೇಳುತ್ತಲೇ ಇತ್ತು. ಸರಿಯಾಗಿ ಹಾಕಿದರೂ ಮತ್ತೆ ಅದೇ ಪ್ರಶ್ನೆ! "ಇವತ್ತೂ ತೆರೀಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಕಂತೀವಿ ಕಣಮ್ಮ" ಎಂದುಬಿಟ್ಟರು ಮ್ಯಾನೇಜರ್.

ಕೊನೆಗೆ ಪಕ್ಕದ ಸೀಟಿನ ಹುಮೇರಾ ಕಾರಣ ಹುಡುಕಿ ನಕ್ಕಳು. "ಲೇ, ಕಂಪ್ಯೂಟರ್‌ನಾಗೆ ಅಂಜಲಿ ಕೆಂಚಣ್ಣ ಅನ್ನೋ ಹಳೇ ಲಾಗಿನ್ ಹಂಗೇ ಐತೆ. ನಿಮ್ಮಪ್ಪ ನಿನ್ನ ಬಿಟ್ಟುಕೊಟ್ಟಿಲ್ಲ ಕಣೇ!"

ಅದನ್ನು ಅಳಿಸಿ ಹೊಸದನ್ನು ಹಾಕಿದೆ. ತಕ್ಷಣ ತೆರೆಯಿತು! ಎಷ್ಟು ಹಗುರಾಯಿತು ಗೊತ್ತಾ?

ಅಪ್ಪಾಜಿ, ರೇಷನ್ ಕಾರ್ಡಿನಿಂದ ನನ್ನ ಹೆಸರು ತೆಗೆಸಲು ಈ ವಾರವೇ ಹೋಗುತ್ತೀರಂತೆ. ಸ್ವಲ್ಪ ದಿನ ಇರಲಿ ಬಿಡಿ.

ನಿಮ್ಮ ಮಗಳು,
ಅಂಜಲಿ