ಇಳಿಜಾರು ಎಚ್ಚರಿಸಿತ್ತು, ನಾವು ಮುಚ್ಚಿಟ್ಟೆವು

ವಸಂತಣ್ಣಾ, ನನ್ನ ಗುರುವೇ,

ನಮ್ಮ ಟೊರಾಂಟೊ ಕನ್ನಡಿಗರ ಸ್ಕೀ ಕ್ಲಬ್ಬು ಮಾತು ಕೊಟ್ಟದ್ದು ಇಷ್ಟು: ನಿಮ್ಮ ಸಾವಿಗೆ ಒಂದು ವಾರ ಮುಂಚೆ ನಾನು ಬರೆದ ಹಿಮದ ಟಿಪ್ಪಣಿಯನ್ನು ಎಲ್ಲರೆದುರು ಓದುವುದು. ಅದರ ಪ್ರತಿಯನ್ನು ನಿಮ್ಮ ಮಗಳ ಕೈಗೆ ಕೊಡುವುದು. ಇನ್ನು ಮುಂದೆ ಬೆಟ್ಟದಲ್ಲಿ ಕಂಡದ್ದನ್ನು ಅದೇ ದಿನ ಸಾರ್ವಜನಿಕ ವೆಬ್‌ಪುಟಕ್ಕೆ ಹಾಕುವುದು. ಮೂರರಲ್ಲಿ ಒಂದೂ ಆಗಲಿಲ್ಲ. "ಈಗ ದುಃಖದ ಟೈಮು" ಎಂದರು. ದುಃಖವನ್ನೂ ಬೀಗ ಮಾಡಿಕೊಳ್ಳುತ್ತಾರೆ, ನೋಡಿ.

ನೀವು ನನ್ನ ಕೈಗೆ ಮೊದಲ ಸಲ ಸಲಿಕೆ ಕೊಟ್ಟದ್ದು ನೆನಪಿದೆಯೇ? ವಿಮಾನ ಹತ್ತಿ ಬ್ರಿಟಿಷ್ ಕೊಲಂಬಿಯಾದ ಬೆಟ್ಟಕ್ಕೆ ಹೋಗಿದ್ದೆವು. ಜಾರಲು ಬಂದವಳಿಂದ ಎದೆಯೆತ್ತರದ ಗುಂಡಿ ತೋಡಿಸಿದಿರಿ. ಹಿಮದಲ್ಲೊಂದು ಕಂಬ ಕಡಿದು, ಅದರ ತಲೆಯ ಮೇಲೆ ಸಲಿಕೆಯಿಟ್ಟು ತಟ್ಟಿದಿರಿ. ಹನ್ನೆರಡನೇ ಏಟಿಗೆ ಮೇಲಿನ ಪದರ ಡ್ರಾಯರ್ ಎಳೆದಂತೆ ಮುಂದಕ್ಕೆ ಬಂತು.

"ನೋಡು ಮಾರಾಯ್ತಿ, ಒಳಗೆ ಇಬ್ಬನಿ ಹರಳು ಹೂತುಹೋಗಿದೆ. ಮೇಲೆ ಮದುವೆ ಚಪ್ಪರ, ಅಡಿಯಲ್ಲಿ ಕಂಬವೇ ಇಲ್ಲ. ಕಾಲಿಟ್ರೆ ಇಡೀ ಹಿಮ ಕುಸಿದು ಬರ್ತದೆ."

"ಸರಿ ಅಣ್ಣ, ಇನ್ನಾದ್ರೂ ಸ್ಕೀ ಮಾಡೋಣ್ವಾ?"

"ಮೊದ್ಲು ಬರಿ. ಬರೆಯುದು ನಿನಗಲ್ಲ, ಹಿಂದೆ ಬರುವವನಿಗೆ."

ಸ್ಟ್ರೀಟ್ಸ್‌ವಿಲ್‌ನಲ್ಲಿ, ಕಾರ್ಯದರ್ಶಿಯ ಬೇಸ್‌ಮೆಂಟಿನಲ್ಲಿ ನಡೆದ ಸಭೆಯನ್ನು ಮರೆಯಲಾರೆ. ಆ ಬೆಟ್ಟದಲ್ಲಿ ನಮಗೊಂದು ಗುಟ್ಟಿನ ಇಳಿಜಾರಿತ್ತು. ಅಲ್ಲಿಯ ಟಿಪ್ಪಣಿ ವೆಬ್‌ಪುಟಕ್ಕೆ ಹೋದರೆ ಮರುವಾರವೇ ಜನ ಮುತ್ತಿ, ಯಾರೂ ಮುಟ್ಟದ ಹಿಮವನ್ನೆಲ್ಲ ಗೀರಿಹಾಕುತ್ತಾರೆ. ಆದ್ದರಿಂದ ಸದಸ್ಯರ ಪುಸ್ತಕದಲ್ಲಷ್ಟೇ ಬರೆಯಬೇಕು ಎಂಬ ನಿಯಮ ಮತಕ್ಕೆ ಬಂತು. ಕಾರ್ಯದರ್ಶಿ ನಗುತ್ತಾ ನಿಮ್ಮನ್ನು ಕೆಣಕಿದರು: "ಅಣ್ಣಾ, ನೀವು ಉಡುಪಿಯೋರು. ಒಳ್ಳೆ ಮೀನು ಸಿಗೋ ಜಾಗ ಯಾರಿಗಾದ್ರೂ ಹೇಳ್ತೀರಾ?"

"ಮೀನಿನ ಜಾಗ ಹೇಳುದಿಲ್ಲ. ನೀರೊಳಗೆ ಬಂಡೆ ಇರುವ ಜಾಗ ಹೇಳದೆ ಬಿಡುದಿಲ್ಲ."

ಆದರೂ ನಿಮ್ಮೊಬ್ಬರನ್ನು ಬಿಟ್ಟು ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ. ಊರಲ್ಲಿ ತಾಲೂಕು ಕಚೇರಿಯ ಮುಂದೆ "ಕಡತ ತೋರಿಸಿ" ಎಂದು ಹನ್ನೊಂದು ದಿನ ಧರಣಿ ಕೂತವಳು, ಇಲ್ಲಿ ಒಂದು ತುಂಡು ಹಿಮದಾಸೆಗೆ ಕಡತ ಮುಚ್ಚಲು ಕೈ ಎತ್ತಿದೆ. ನೀವು ಜಾಕೆಟ್ಟು ಹಾಕಿಕೊಂಡು ಹೊರನಡೆದಿರಿ. ಕ್ಲಬ್ಬನ್ನೂ ಬಿಟ್ಟಿರಿ.

ಈ ಚಳಿಗಾಲ ಆ ಇಳಿಜಾರಿನಲ್ಲಿ ನಿಂತಾಗ ನನ್ನ ಕಾಲಡಿಯಲ್ಲಿ 'ವುಂಫ್' ಎಂದಿತು. ಇಡೀ ಹಿಮದ ಹಾಸು ಬೆರಳಷ್ಟು ಕುಸಿದು, ಸ್ಕೀಯ ತುದಿಯಿಂದ ಬಿರುಕೊಂದು ಓಡಿತು. ನಾವು ಹಿಂದಿರುಗಿದೆವು. ದಿಕ್ಕು, ಆಳ, ಸದ್ದು, ಬಿರುಕು ಎಲ್ಲವನ್ನೂ ಬರೆದೆ. ಸದಸ್ಯರ ಪುಸ್ತಕದಲ್ಲಿ! ವಾರ ಕಳೆದು ನೀವು ಬೇರೆ ಗೆಳೆಯರೊಂದಿಗೆ ಅಲ್ಲಿಗೇ ಹೋದಿರಿ. ಹೊರಡುವ ಮುನ್ನ ವೆಬ್‌ಪುಟ ನೋಡಿದ್ದಿರಂತೆ, ಅಲ್ಲಿ ಒಂದಕ್ಷರವೂ ಇರಲಿಲ್ಲ. ಗುಂಡಿಯನ್ನೂ ತೋಡಿದ್ದಿರಂತೆ, ತೋಡಿದ ಕಡೆ ಹರಳು ಸಿಗಲಿಲ್ಲ. ಆಮೇಲೆ ಹಿಮ ಕಿತ್ತು ಬಂದು...

ನೀವು ಹೋಗುತ್ತೀರೆಂದು ನನಗೆ ಗೊತ್ತಿರಲಿಲ್ಲ. ಅದು ಉತ್ತರವೇ? ಹಿಂದೆ ಬರುವವನ ಹೆಸರು ಗೊತ್ತಿದ್ದರೆ ಮಾತ್ರ ಎಚ್ಚರಿಸಬೇಕೇ?

ಹೋದ ಭಾನುವಾರ ವಿಟ್ಬಿಯಲ್ಲಿ, ನಿಮ್ಮ ಮಗಳು ರಶ್ಮಿಯ ಅಡುಗೆಮನೆಯಲ್ಲಿ ಕೂತು ಎಲ್ಲ ಹೇಳಿದೆ. ಕೈ ಎತ್ತಿದ್ದನ್ನೂ ಹೇಳಿದೆ. ಅವಳು ಸಿಂಕಿನ ನಲ್ಲಿ ನಿಲ್ಲಿಸಿ ನನ್ನತ್ತ ತಿರುಗಿದಳು. "ಆಂಟಿ, ಡು ಯು ಹ್ಯಾವ್ ದಟ್ ಪೇಜ್?" ನನ್ನ ಫೋನಿನಲ್ಲಿ ಅದರ ಚಿತ್ರವಿತ್ತು. "ದೆನ್ ಪೋಸ್ಟ್ ಇಟ್. ವಿತ್ ಯುವರ್ ನೇಮ್." ಅಲ್ಲೇ ಕೂತು ಹಾಕಿದೆ.

ಮರುದಿನ ಕಾರ್ಯದರ್ಶಿಯ ಫೋನು. "ಏನ್ರೀ ಇದು? ರೂಲ್ ಬ್ರೇಕ್ ಮಾಡಿದೀರಿ. ನಿಮ್ಮನ್ನ ತೆಗೀಬೇಕಾಗತ್ತೆ."

"ತೆಗೀರಿ. ಆದ್ರೆ ನಿಮ್ಮ ಬೇಸ್‌ಮೆಂಟಲ್ಲಲ್ಲ, ಯಾರು ಬೇಕಾದ್ರೂ ಬರೋ ಹಾಲಲ್ಲಿ ತೆಗೀರಿ."

ನೀವು ಕೇಳದ ಸುದ್ದಿ ಒಂದಿದೆ. ಟಿಪ್ಪಣಿಯ ಕೆಳಗೆ ಗುರುತಿಲ್ಲದ ಹೆಂಗಸೊಬ್ಬಳು ಬರೆದಿದ್ದಾಳೆ: ಅದೇ ದಿಕ್ಕಿಗೆ ಮುಖ ಮಾಡಿದ ಪಕ್ಕದ ಇಳಿಜಾರಿಗೆ ಹೊರಟಿದ್ದರಂತೆ, ಓದಿ ನಾಲ್ವರೂ ಹಿಂದಿರುಗಿದರಂತೆ. ಅವಳ ಹೆಸರು ನನಗೆ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ.

ಸಭೆ ಕರೆದಿದ್ದಾರೆ. ನನ್ನನ್ನು ಹೊರಹಾಕುವ ಮಾತು ಬರುವ ಮುಂಚೆಯೇ ಆ ನಿಯಮ ರದ್ದಾಗಲಿ ಎಂದು ನಾನು ಎದ್ದು ನಿಲ್ಲುತ್ತೇನೆ. ಅಂದು ಎತ್ತಿದ ಇದೇ ಕೈ ಎತ್ತುತ್ತೇನೆ. ಪಕ್ಕದಲ್ಲಿ ರಶ್ಮಿ ಇರುತ್ತಾಳೆ. ಸ್ಟ್ರೀಟ್ಸ್‌ವಿಲ್ ಗ್ರಂಥಾಲಯದ ಸಭಾಕೋಣೆ, ಬರುವ ಶನಿವಾರ, ಬೆಳಿಗ್ಗೆ ಹತ್ತೂವರೆ.