ಒಂದೇ ಎಣ್ಣೆಯ ಮಕ್ಕಳು

ಆನೋ ಮೆರಿಯಾ
29 ಸೆಪ್ಟೆಂಬರ್ 1998

ಪ್ರೀತಿಯ ಸ್ತಾಮಾತಿ,

ನೀನು ಸುಖವಾಗಿದ್ದೀಯೆಂದು ನಂಬಿದ್ದೇನೆ. ಈಸ್ಟರ್ ಹಬ್ಬಕ್ಕೆ ನೀನು ಬರೆದ ಪತ್ರಕ್ಕೆ ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಬೈದುಬಿಡು. ಸೋಮಾರಿತನವಲ್ಲ, ನೀನು ಕೇಳಿದ್ದೇ ಅಂಥ ಪ್ರಶ್ನೆ. ಹೆಂಡತಿ ಹೋದ ಮೇಲೆ ಪಿರೇಯಸ್‌ನ ಮನೆ ಬಿಕೋ ಎನ್ನುತ್ತದೆ, ಊರಿಗೆ ಬಂದುಬಿಡಲೇ ಎಂದು ಕೇಳಿದ್ದೆ. ‘ಒಂದು ದಿನ ಇಬ್ಬರೂ ಸಂತ ಫೋಕಾಸರ ಕೊಲ್ಲಿಗೆ ನಡೆದು ಹೋಗೋಣ. ಎಣ್ಣೆ ನಮ್ಮನ್ನು ಬೇರೆ ಮಾಡಿತು, ಮುಪ್ಪಿನಲ್ಲಾದರೂ ಅಣ್ಣ-ತಂಗಿಯ ಹಾಗೆ ಒಂದು ಬಂಡೆಯ ಮೇಲೆ ಕೂರೋಣ’ ಎಂದು ಬರೆದಿದ್ದೆ. ನಾನು ಓದಿ, ಮಡಚಿ, ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ. ಹಿಟ್ಟು ತೆಗೆಯುವಾಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು.

ಊರಿನ ಸುದ್ದಿ ಹೇಳುತ್ತೇನೆ. ಬಂದರಿನಿಂದ ನಮ್ಮ ಚೌಕದವರೆಗೆ ಡಾಂಬರು ಬಂದಿದೆ. ನಿನ್ನ ತಾಯಿಯ ಮನೆಯ ಮಾಡು ಇನ್ನೂ ಗಟ್ಟಿ. ಅಂಜೂರದ ಮರ ಮಾತ್ರ ಗೋಡೆಯೊಳಗೇ ಬೇರು ಬಿಟ್ಟಿದೆ. ನನ್ನ ತಮ್ಮನಿಗೆ ಸಕ್ಕರೆ ಕಾಯಿಲೆ, ಆದರೂ ಕದ್ದು ಜೇನು ನೆಕ್ಕುತ್ತಾನೆ. ನನ್ನ ಗಂಡ ನಡೆಸುತ್ತಿದ್ದ ಬೇಕರಿಯನ್ನು ಈಗ ನಾನೊಬ್ಬಳೇ ನೋಡಿಕೊಳ್ಳುತ್ತಿದ್ದೇನೆ. ಒಳ್ಳೆಯ ಮನುಷ್ಯ ಅವನು. ಅವನ ಮೇಲೆ ನನಗೆ ಯಾವ ದೂರೂ ಇರಲಿಲ್ಲ. ದೂರಿಲ್ಲದೆ ಬದುಕುವುದೂ ಒಂದು ಬದುಕೇ.

ಕೊಲ್ಲಿಗೆ ಇನ್ನೂ ರಸ್ತೆಯಿಲ್ಲ, ನಡೆದೇ ಇಳಿಯಬೇಕು. ಹೋದ ವಾರ ಫೋಕಾಸರ ಹಬ್ಬಕ್ಕೆ ಇಳಿದೆ. ಮದುವೆಯಾದ ಮೇಲೆ ಒಮ್ಮೆಯೂ ಹೋಗಿರಲಿಲ್ಲ, ನಿನಗೆ ಗೊತ್ತಿರಲಿ. ನಿನ್ನ ಪತ್ರವೇ ಎಬ್ಬಿಸಿ ಕಳಿಸಿತು ಅನ್ನು. ಜೊತೆಗೆ ತಮ್ಮನ ಹೆಂಡತಿ ಥೆಮೆಲೀನಾ ಹೊರಟಳು. ಅವಳ ಬಾಯಿ ನಿನಗೆ ಗೊತ್ತಿಲ್ಲ.

“ಅಲ್ಲ ಅತ್ಗೆ, ಈ ಮಂಡಿ ಇಟ್ಕೊಂಡು ಇಳೀತೀರಾ? ವಾಪಸ್ ಹತ್ಸೋಕೆ ಕತ್ತೆ ಬೇಕಾಗತ್ತೆ,” ಎಂದಳು.

“ಕತ್ತೆ ಯಾಕೆ, ನೀನಿದ್ದೀಯಲ್ಲ,” ಎಂದೆ.

ಮುಳ್ಳುಪೊದೆ ಎರಡೂ ಕಡೆಯಿಂದ ದಾರಿಯ ಮೇಲೆ ಚಾಚಿದೆ. ಕಲ್ಲು ಜಾರುತ್ತದೆ. ಹಳೆಯ ಕಣ ದಾಟಿ, ಬಲಕ್ಕೆ ತಿರುಗಿದರೆ ಒಮ್ಮೆಲೇ ಕೆಳಗೆ ನೀರು ಕಾಣುತ್ತದಲ್ಲ, ಅಲ್ಲಿ ನನ್ನ ಕಾಲು ತಾನಾಗಿ ನಿಂತಿತು. ಥೆಮೆಲೀನಾ ಬೇರೆ ದ್ವೀಪದ ಹೆಣ್ಣು, ನಮ್ಮ ಕಥೆ ಅರ್ಧಂಬರ್ಧ ಕೇಳಿದ್ದಳು. “ಅತ್ಗೆ, ಆ ಸ್ತಾಮಾತಿನ ನೀವ್ಯಾಕೆ ಮದ್ವೆ ಆಗ್ಲಿಲ್ಲ?” ಎಂದು ನೇರವಾಗಿ ಕೇಳಿದಳು. ಹೇಳಿದೆ.

ನಮ್ಮ ನೋನಾ, ಅಂದರೆ ನಮ್ಮನ್ನು ಹೆಸರಿಡುವ ಜ್ಞಾನಸ್ನಾನಕ್ಕೆ ಎತ್ತಿಕೊಂಡು ಮೈಗೆ ಎಣ್ಣೆ ಸವರಿದ ಅರ್ಗೀರೋ, ಹೆಣ್ಣುಮಕ್ಕಳನ್ನಷ್ಟೇ ಎತ್ತಿಕೊಳ್ಳುವವಳು. ಒಂದೇ ಕೈಯಿಂದ ಎಣ್ಣೆ ಹಚ್ಚಿಸಿಕೊಂಡವರು ಒಡಹುಟ್ಟಿದವರ ಸಮ, ಅವರಲ್ಲಿ ಮದುವೆ ಕೂಡದು ಎಂಬುದು ನಮ್ಮ ಕಡೆಯ ಮಾತು. ಆದ್ದರಿಂದಲೇ ಗಂಡುಮಗುವನ್ನು ಅವಳು ಮುಟ್ಟುತ್ತಿರಲಿಲ್ಲ. ಆದರೆ ನಿನ್ನ ಸ್ನಾನದ ದಿನ ಉತ್ತರದ ಗಾಳಿ ಎದ್ದು, ನಿನ್ನನ್ನು ಎತ್ತಿಕೊಳ್ಳಬೇಕಾಗಿದ್ದವನ ದೋಣಿ ಕೊಲ್ಲಿಯೊಳಗೆ ಬರಲಾಗಲಿಲ್ಲ. ನಿನಗೋ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಮಗು ಹೆಸರಿಲ್ಲದೆ ಸಾಯಬಾರದು ಎಂದು ನೋನಾ ಕೈ ಚಾಚಿದಳು. ಮೂರು ವರ್ಷದ ಮೇಲೆ ನಾನು ಹುಟ್ಟಿದಾಗ ನನ್ನನ್ನೂ ಎತ್ತಿಕೊಂಡಳು. ಗಾಳಿಯ ದಿನದ ಆ ಒಂದು ಮಗುವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ನಿನ್ನ ತಾಯಿ ನೆನಪಿಟ್ಟುಕೊಂಡಿದ್ದರು. ನಮ್ಮ ವಿಷಯ ಗೊತ್ತಾದ ದಿನವೇ ತೆಗೆದು ಮುಂದಿಟ್ಟರು.

“ಅಯ್ಯೋ, ಒಂದು ತೊಟ್ಟು ಎಣ್ಣೆಗೆ!” ಎಂದಳು ಥೆಮೆಲೀನಾ. ಆಮೇಲೆ ನನ್ನ ಮೊಣಕೈ ಹಿಡಿದು ಕೆಳಗಿಳಿಸಿದಳು.

ಕೊಲ್ಲಿ ಹಾಗೇ ಇದೆ. ಗುಡಿಗೆ ಸುಣ್ಣ ಹೊಡೆದಿದ್ದಾರೆ. ಪೂಜೆ ಮುಗಿದು, ಕಡಲೆಕಾಳಿನ ಸಾರು ಬಡಿಸುವಾಗ ಮುದಿ ಪಾದ್ರಿ ನಿಕೀಫೋರೋಸ್ ನನ್ನ ಪಕ್ಕದಲ್ಲೇ ಕೂತರು. ನಮ್ಮ ಕಾಲಕ್ಕೆ ಹೊಸದಾಗಿ ಬಂದಿದ್ದ ಎಳೆಗಡ್ಡದ ಪಾದ್ರಿ, ನೆನಪಿದೆಯೇ? ಈಗ ಕಿವಿ ಮಂದ, ನಾಲಿಗೆ ಮಾತ್ರ ಚುರುಕು. ಅಷ್ಟು ವರ್ಷ ಬಾಯಿಗೆ ಬರದ ಪ್ರಶ್ನೆ ಅಂದು ಬಂತು. ಒಂದೇ ಎಣ್ಣೆಯವರು ಮದುವೆಯಾದರೆ ನಿಜವಾಗಿ ಪಾಪವೇ ಎಂದು ಕೇಳಿದೆ.

“ಯಾವ ಪಾಪ? ಯಾವ ಮುದ್ಕಿ ಹೇಳಿದ್ದು ನಿಂಗೆ?” ಎಂದು ಚಮಚ ಕೆಳಗಿಟ್ಟರು. “ಎತ್ಕೊಂಡವಳಿಗೂ ಮಗೂಗೂ ಮದ್ವೆ ಸಂಬಂಧ ಕೂಡದು, ಅಷ್ಟೇ. ಮಿಕ್ಕಿದ್ದೆಲ್ಲ ಈ ಊರವರು ಕಟ್ಕೊಂಡಿದ್ದು ಕಣಮ್ಮ. ನನ್ ಹತ್ರ ಬಂದಿದ್ರೆ ಇಬ್ರ ತಲೆ ಮೇಲೂ ಮದ್ವೆ ಕಿರೀಟ ಇಟ್ಟು, ಅಕ್ಕಿ ಎರಚಿ ಕಳಿಸ್ತಿದ್ದೆ.”

ಸಾರಿನ ಬಟ್ಟಲು ಪಕ್ಕಕ್ಕೆ ಸರಿಸಿದೆ, ಸ್ತಾಮಾತಿ. ಅಂದೇ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತಲ್ಲ. ನಮಗಾಗಿ ಪಾದ್ರಿಯ ಬಾಗಿಲು ತಟ್ಟುವವರು ಒಬ್ಬರೂ ಇರಲಿಲ್ಲವಲ್ಲ. ನಾನೋ ಹೆಣ್ಣುಹುಡುಗಿ, ಮನೆಯಿಂದ ಹೊರಗೆ ಬಿಡುತ್ತಿರಲಿಲ್ಲ. ನೀನು ನಮ್ಮ ಬೇಲಿಯ ಹತ್ತಿರ ನಿಂತು, “ಎಣ್ಣೆ ಅಡ್ಡ ಬಂತು ಸೆವಾಸ್ತಿ, ನಾನೇನ್ ಮಾಡ್ಲಿ?” ಎಂದು ಅತ್ತೆ. ಮುಂದಿನ ವಾರ ಹಡಗು ಹತ್ತಿದೆ. ನಿನ್ನ ಆ ಅಳುವನ್ನು ನೆನೆದು ನಾನು ಎಷ್ಟು ಸಲ ಅತ್ತಿದ್ದೇನೋ.

ಹೋಗಲಿ. ಊರು ನಿನ್ನದು, ಬರಬೇಡ ಎನ್ನಲು ನಾನು ಯಾರು? ಬರುವುದಾದರೆ ಆಲಿವ್ ಕೊಯ್ಲಿಗೆ ಮೊದಲೇ ಬಾ. ಮನೆಗೆ ಗಾಳಿ ಆಡಿಸಿಡುತ್ತೇನೆ. ಕೆಮ್ಮಿಗೆ ಋಷಿಪತ್ರೆಯ ಎಲೆ ಕಟ್ಟಿ ಕಳಿಸಿದ್ದೇನೆ, ಕುದಿಸಿ ಕುಡಿ. ದೇವಮಾತೆ ನಿನ್ನನ್ನೂ ನಿನ್ನ ಹೆಣ್ಣುಮಕ್ಕಳನ್ನೂ ತಣ್ಣಗಿಟ್ಟಿರಲಿ. ನಿನ್ನ ಹೆಂಡತಿಯ ಆತ್ಮಕ್ಕೆ ಒಂದು ಮೇಣದಬತ್ತಿ ಹಚ್ಚಿ ಬಂದಿದ್ದೇನೆ.

ನಿನ್ನ
ಸೆವಾಸ್ತಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಲಕೋಟೆ ಅಂಟಿಸಿ, ಮತ್ತೆ ಹರಿದೆ. ಪಾದ್ರಿ ಅಷ್ಟಕ್ಕೇ ನಿಲ್ಲಿಸಲಿಲ್ಲ. “ನೀನು ಎರಡನೆಯವಳು ಇದನ್ನ ಕೇಳ್ತಿರೋದು,” ಎಂದರು. “ನಾನು ಬಂದ ಹೊಸದ್ರಲ್ಲಿ ಒಬ್ಬ ಹುಡುಗ ಬಂದಿದ್ದ. ಗಾಳಿ ದಿನ ಅರ್ಗೀರೋ ಎತ್ಕೊಂಡಿದ್ಲಲ್ಲ, ಅವ್ನೇ. ಏನೂ ಅಡ್ಡಿ ಇಲ್ಲಪ್ಪ, ಭಾನುವಾರ ಹುಡುಗೀನ ಕರ್ಕೊಂಡ್ ಬಾ ಅಂದೆ. ಆಯ್ತು ಅಂದ. ಬರ್ಲೇ ಇಲ್ಲ.” ಆ ಹುಡುಗಿ ನಾನೇ ಎಂದು ಅವರಿಗೆ ಗೊತ್ತಿಲ್ಲ, ಪಾಪ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮ ಪಾಲಿಗೆ ಪೂಜಾರಿಯೂ ಕೊಟ್ಟಿದ್ದ.

ನಿನಗೆ ನಾನು ಬೇಡವಾಗಿದ್ದೆ, ಅಥವಾ ಹಡಗು ಹೆಚ್ಚು ಬೇಕಾಗಿತ್ತು. ಬೇಲಿಯ ಹತ್ತಿರ ನಿಂತು ಅದನ್ನೇ ಹೇಳಿದ್ದರೆ ನಾಲ್ಕು ದಿನ ಅತ್ತು ಸುಮ್ಮನಾಗುತ್ತಿದ್ದೆ. ಆಣೆ ಮಾಡಿ ಹೇಳುತ್ತೇನೆ, ನಿನ್ನ ಮೇಲೆ ನನಗೆ ಈಗ ಸಿಟ್ಟೂ ಉಳಿದಿಲ್ಲ. ಬಾ, ನಿನ್ನ ಮನೆಯಲ್ಲಿ ಇರು. ಕೊಲ್ಲಿಗೆ ಮಾತ್ರ ನೀನೊಬ್ಬನೇ ಇಳಿ.

ಆದರೆ ನೀನು ಬೇಲಿಯ ಹತ್ತಿರ ಅತ್ತ ದಿನದಿಂದ ಆ ಎಣ್ಣೆಯ ಕೈಯನ್ನು ನಾನು ಶಪಿಸುತ್ತಲೇ ಬಂದೆ, ಸ್ತಾಮಾತಿ. ನೋನಾ ಅರ್ಗೀರೋ ಎದುರಿಗೆ ಬಂದರೆ ಬೀದಿ ಬದಲಿಸುತ್ತಿದ್ದೆ. ಅವಳಿಗೆ ಮಕ್ಕಳಿರಲಿಲ್ಲ, ನಾವೇ ಇದ್ದದ್ದು. ಕೊನೆಗಾಲಕ್ಕೆ ‘ನನ್ನ ಸೆವಾಸ್ತಿ ಬರಲಿ’ ಎಂದು ಹೇಳಿ ಕಳಿಸಿದಳು. ಒಲೆಯಲ್ಲಿ ರೊಟ್ಟಿ ಇದೆ, ಬಿಡುವಿಲ್ಲ ಎಂದು ಉತ್ತರ ಕಳಿಸಿದೆ.