ಅರ್ಧ ತುಂಬಿದ ಕಲ್ಲಿನಾಚೆ

ಕಲಾದಗಿ ಕಲ್ಗೆರೆ, ಆಲಿಕೆ ಮನೆ
ಕ್ರಿ.ಶ. 2318, ಫೆಬ್ರವರಿ 30

ಎಷ್ಟೋ ತಲೆಮಾರು ದಾಟಿ ಈ ಕುರ್ಚಿಯಲ್ಲಿ ಕೂರುವವರಿಗೆ,

ಪಂಚಾಂಗ ತಿದ್ದಿದ ಮೇಲೆ ನಮ್ಮ ಫೆಬ್ರವರಿಗೆ ಮೂವತ್ತು ದಿನ. ನಿಮ್ಮ ಕಾಲಕ್ಕೆ ಈ ತಾರೀಖು ಮತ್ತೆ ಇಲ್ಲವಾಗಿರಬಹುದು; ನನ್ನ ಕನ್ನಡವೂ ನಿಮಗೆ ಶಾಸನದ ಭಾಷೆಯಂತೆ ಕಾಣಬಹುದು. ಕ್ಷಮಿಸಿ, ನಿಧಾನವಾಗಿ ಓದಿ.

ಕಲ್ಗೆರೆ ಎಂದರೆ ನೆಲದಡಿಯ ಮರಳುಗಲ್ಲಿನಲ್ಲಿ ನಾವು ಕೂಡಿಡುವ ಮಳೆನೀರು. ಅಲ್ಲಿ ಹೊಂಡವಿಲ್ಲ, ಗುಹೆಯಿಲ್ಲ. ಇಟ್ಟಿಗೆ ನೀರು ಕುಡಿಯುವಂತೆ ಕಲ್ಲು ಕುಡಿಯುತ್ತದೆ. ಮರಳಿನ ಕಣಗಳ ನಡುವಿನ ಸಣ್ಣ ಸಣ್ಣ ತೂತುಗಳಲ್ಲಿ ನೀರು ನಿಲ್ಲುತ್ತದೆ. ಮೇಲೆ ಬಿಟ್ಟರೆ ಎರಡೇ ತಿಂಗಳಲ್ಲಿ ಆರಿಹೋಗುವ ನೀರು ಕೆಳಗೆ ವರ್ಷಗಟ್ಟಲೆ ಉಳಿಯುತ್ತದೆ. ಬೇಸಿಗೆಯ ಐದು ತಿಂಗಳು ನಾವೂ ಅದೇ ಕಲ್ಲಿನ ಒಣ ಭಾಗದಲ್ಲಿ ಕೊರೆದ ಓಣಿಗಳಲ್ಲಿ ಇರುತ್ತೇವೆ. ರೊಟ್ಟಿ ಬಡಿಯುವುದು, ಮಕ್ಕಳ ಶಾಲೆ, ಮದುವೆ ಎಲ್ಲ ಅಲ್ಲೇ. ಗೋಡೆಗೆ ಕೂರಿಸಿದ ಕಲ್ಲುಗಿವಿ ಎಂಬ ಯಂತ್ರಗಳಿಂದ ಕಲ್ಲಿನೊಳಗಿನ ನಡುಕ ಕೇಳಿ, ಎಲ್ಲಿ ಬಿರುಕು ಬಿಡುತ್ತಿದೆ ಎಂದು ಹೇಳುವವಳು ಆಲಿಕೆಯವಳು. ಹತ್ತೊಂಬತ್ತು ವರ್ಷದಿಂದ ಅದು ನನ್ನ ಕೆಲಸ. ನನ್ನ ಹೆಸರು ನಿಂಬೆವ್ವ.

ಎರಡು ವರ್ಷದ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ಮೂಡಣ ಓಣಿಯ ಛಾವಣಿ ಕುಸಿಯಿತು. ನೀರು ಇಳಿಸುವ ಕೊಳವೆ ಸರಿಪಡಿಸಲು ಹೋಗಿದ್ದ ನಾಲ್ವರು ಆಚೆ ಸಿಕ್ಕಿಬಿದ್ದರು: ದುಂಡಪ್ಪ, ಮಲಕಾಜಪ್ಪ, ರಾಜೇಸಾಬ, ಗುರುಬಾಯಿ. ನಮಗೂ ಅವರಿಗೂ ನಡುವೆ ಅರವತ್ತು ಮಾರು ಕಲ್ಲು. ಸಿಕ್ಕಿಬಿದ್ದವರು ಸುತ್ತಿಗೆಯಿಂದ ಗೋಡೆಗೆ ಐದೈದು ಪೆಟ್ಟು ಹಾಕಬೇಕೆಂಬುದು ನಮ್ಮ ನಿಯಮ. ಅವರತ್ತ ದಾರಿ ಕೊರೆಯುತ್ತಿದ್ದ ಯಂತ್ರವನ್ನು ಗಂಟೆಗೊಮ್ಮೆ ನಿಲ್ಲಿಸಿ ಕೇಳಿದೆ. ಏನೂ ಬರಲಿಲ್ಲ. ನನ್ನ ಕಿವಿಯ ಮೇಲೇ ಅನುಮಾನ ಬಂದು, ಪಡುವಣ ಓಣಿಯಲ್ಲಿ ಅಷ್ಟೇ ದೂರದಿಂದ ಅಂಥದೇ ಸುತ್ತಿಗೆಯಲ್ಲಿ ಹೊಡೆಸಿ ನೋಡಿದೆ. ಪ್ರತಿ ಪೆಟ್ಟೂ ಸ್ಪಷ್ಟವಾಗಿ ಕೇಳಿಸಿತು.

ಮೂರನೆಯ ದಿನ ಛಾವಣಿಯ ಇನ್ನೊಂದು ಹೋಳು ಬಿದ್ದು ಕೊರೆಯುವವರಲ್ಲಿ ಇಬ್ಬರ ಕಾಲು ಮುರಿಯಿತು. ಅವರ ಮುಖ್ಯಸ್ಥ ರಾಚಯ್ಯ ಮೈತುಂಬ ಧೂಳಿನಲ್ಲೇ ನನ್ನ ಬಾಗಿಲಿಗೆ ಬಂದ. "ನಿಂಬೆವ್ವಾರ, ಒಂದ ಮಾತ ಹೇಳ್ರಿ. ಒಳಗ ಜೀವ ಅದಾವೋ ಇಲ್ಲೋ? ಇನ್ನೂ ಕೊರದ್ರ ನನ್ನ ಮಂದೀನೂ ಹೋಗ್ತಾರ."

"ಇಲ್ಲ," ಎಂದೆ.

ದುಂಡಪ್ಪನ ಹೆಂಡತಿ ಬಾಳವ್ವ ಅಲ್ಲೇ ನಿಂತಿದ್ದಳು. "ಕೇಳಿಸಲಿಲ್ಲ ಅಂದ್ರ ಬಡದಿಲ್ಲ ಅಂತೇನ್ರಿ, ಅಕ್ಕಾರ?" ಎಂದು ಕೇಳಿದಳು.

"ಬಾಳವ್ವ, ಇದಕ್ಕಿಂತ ದೂರದ ಸಪ್ಪಳಾನೂ ನಾ ಕೇಳೇನಿ. ಬಡದಿದ್ರ ಬರ್ತಿತ್ತು," ಎಂದೆ. ಕುರ್ಚಿಯಿಂದ ಏಳದೆಯೇ ಹೇಳಿದೆ. ಆ ಮಧ್ಯಾಹ್ನವೇ ಯಂತ್ರ ನಿಂತಿತು.

ಐವತ್ತೆರಡು ದಿನದ ಮೇಲೆ ಇನ್ನೊಂದು ಬದಿಯಿಂದ ದಾರಿ ಬಿಡಿಸಿದರು. ನಾನೂ ಹೋದೆ. ನಾಲ್ವರೂ ಒಬ್ಬರಿಗೊಬ್ಬರು ಒರಗಿ ಕೂತಿದ್ದರು. ಪಕ್ಕದ ಗೋಡೆಯಲ್ಲಿ ಮುಷ್ಟಿ ಹಿಡಿಸುವಷ್ಟು ಆಳದ ಗುಳಿ ಬಿದ್ದಿತ್ತು. ಸುತ್ತಿಗೆಯ ಹಿಡಿ ಮುರಿದಿತ್ತು. ಅದಕ್ಕೆ ಗುರುಬಾಯಿಯ ಸೆರಗಿನ ಚೂರು ಸುತ್ತಿ ಬಿಗಿದಿದ್ದರು. ಗುಳಿಯ ಮೇಲೆ ಸೀಮೆಸುಣ್ಣದಲ್ಲಿ ದಿನಕ್ಕೊಂದರಂತೆ ಆರು ಗೆರೆ. ನಾನು ಇಲ್ಲ ಎಂದದ್ದು ಮೂರನೆಯ ದಿನ.

ಮಣ್ಣು ಮಾಡಿದ ಮಾರನೆಯ ವಾರ ಬಾಳವ್ವ ಬಂದಳು. "ನಾ ಅಲ್ಲಿ ಹೋಗಿ ಬಡೀತೀನಿ. ನೀವ್ ಇಲ್ಲಿ ಕುಂತ ಕೇಳ್ರಿ," ಎಂದಳು. ಬೇಡ ಎನ್ನುವ ಮುಖ ನನಗಿರಲಿಲ್ಲ. ಕುಸಿತದ ನಂತರ ನೀರು ಇಳಿಸುವುದು ನಿಂತಿದ್ದರಿಂದ ಕಲ್ಲು ಅಂದಿನಂತೆಯೇ ಅರ್ಧ ತುಂಬಿತ್ತು. ಗಂಡನ ಸುತ್ತಿಗೆಗೆ ಹೊಸ ಹಿಡಿ ಹಾಕಿಸಿ, ಅದೇ ಗುಳಿಗೆ ಅವಳು ಹೊಡೆದಳು. ನನಗೆ ಏನೂ ಕೇಳಿಸಲಿಲ್ಲ. ತಂತಿಯ ಫೋನಿನಲ್ಲಿ ಅವಳ ಏದುಸಿರು ಮಾತ್ರ ಬರುತ್ತಿತ್ತು. "ಈಗ?" "ಇಲ್ಲ, ಬಾಳವ್ವ." "ಈಗ?" "ಇಲ್ಲ." ಕೊನೆಗೆ ಅವಳು ಜೊತೆಯವರಿಂದ ದೊಡ್ಡ ಬಂಡೆಯೊಂದನ್ನು ಹಗ್ಗದಲ್ಲಿ ಎತ್ತಿಸಿ ನೆಲಕ್ಕೆ ಬಿಡಿಸಿದಳು. ಆಗ ಮಂದವಾಗಿ, ಆದರೆ ಸಂಶಯವಿಲ್ಲದೆ, ಧಿಮ್ ಎಂದಿತು. ಅವಳಿಗೆ ಹೇಳಿದೆ.  "ಅವ್ರ ಮಗ್ಗಲದಾಗ ಬಿದ್ದಿತ್ತಲ್ರಿ ಈ ಬಂಡೆ," ಎಂದಳು.

ಕಾರಣ ಹುಡುಕಲು ನನಗೆ ಒಂದು ವರ್ಷ ಹಿಡಿಯಿತು. ಪೆಟ್ಟಿನ ಅಲೆ ಕಲ್ಲಿನಲ್ಲಿ ಹಾಯುವಾಗ ತೂತುಗಳು ಹಿಂಡಿದಂತಾಗುತ್ತವೆ. ಒಳಗಿನ ನೀರು ಅತ್ತಿತ್ತ ಸರಿಯುತ್ತದೆ. ಆ ತಿಕ್ಕಾಟದಲ್ಲಿ ಅಲೆಯ ಬಲ ಬಿಸಿಯಾಗಿ ಕರಗಿಹೋಗುತ್ತದೆ. ಪೂರ್ತಿ ತುಂಬಿದ ಕಲ್ಲಿನಲ್ಲಿ ನೀರಿಗೆ ಸರಿಯಲು ಜಾಗ ಕಡಿಮೆ. ಒಣ ಕಲ್ಲಿನಲ್ಲಿ ಸರಿಯಲು ನೀರೇ ಇಲ್ಲ. ನೀರಿನ ನಡುವೆ ಗಾಳಿ ಉಳಿದ ಅರೆತುಂಬಿದ ಕಲ್ಲೇ ಅಲೆಯನ್ನು ಹೆಚ್ಚು ನುಂಗುವುದು. ಸುತ್ತಿಗೆಯ ಚುರುಕು ಪೆಟ್ಟು ಅಷ್ಟೇ ದೂರಕ್ಕೆ ಹೆಚ್ಚು ಸಲ ಹಿಂಡುವುದರಿಂದ ಅದು ಬೇಗ ಸಾಯುತ್ತದೆ. ಭಾರದ ನಿಧಾನದ ಗುದ್ದು ದೂರ ಹೋಗುತ್ತದೆ. ನಾನು ಪರೀಕ್ಷೆ ಮಾಡಿದ ಪಡುವಣ ಓಣಿಯ ಕಲ್ಲು ಒಣಗಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕಲ್ಲು ಕಲ್ಲೇ ಎಂದುಕೊಂಡೆ.

ಈಗ ನಿಯಮ ಬದಲಾಗಿದೆ. ಸಿಕ್ಕಿಬಿದ್ದವರು ಭಾರದ್ದನ್ನು ಎತ್ತಿ ನೆಲಕ್ಕೆ ಹಾಕಬೇಕೆಂದು ಶಾಲೆಯಲ್ಲೇ ಕಲಿಸುತ್ತಾರೆ. ಬಾಳವ್ವ ತಾನೇ ಎಷ್ಟೋ ಸಲ ಹೋಗಿ ಕಲಿಸಿದಳು. ಹೋದ ತಿಂಗಳು ಅವಳು ತೀರಿಕೊಂಡಳು. ನನ್ನನ್ನು ಬೈದವಳಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.

ನಿಮ್ಮ ಯಂತ್ರಗಳು ನನ್ನವಕ್ಕಿಂತ ಸಾವಿರ ಪಾಲು ಸೂಕ್ಷ್ಮವಾಗಿರಬಹುದು. ಆದರೂ ಒಂದು ದಿನ ನಿಮ್ಮ ಬಾಗಿಲಲ್ಲಿ ಯಾರೋ ಬಂದು ನಿಲ್ಲುತ್ತಾರೆ. ಆಗ ಎದ್ದು ಅವರ ಹತ್ತಿರ ಹೋಗಿ. ನನಗೆ ಗೊತ್ತಾಗುತ್ತಿಲ್ಲ ಎಂದು ಹೇಳಿ. ಅಷ್ಟು ವರ್ಷ ಕಲಿತವರಿಗೆ ಆ ಮಾತು ಆಡಲು ನಾಚಿಕೆಯಾಗುತ್ತದೆ. ಆದರೂ ಹೇಳಿ. ಯಂತ್ರ ಕೊರೆಯುತ್ತಿರಲಿ.

ನಿಂಬೆವ್ವ